ಅರವತ್ತು ದಾಟಿದವರ ಸೈಕಲ್ ಯಾತ್ರೆ: ನೆಲಮಂಗಲದಿಂದ ಧರ್ಮಸ್ಥಳಕ್ಕೆ ಆರು ದಿನ

ಬೆಂಗಳೂರು ಕಡೆಯಿಂದ ಧರ್ಮಸ್ಥಳಕ್ಕೆ ಸೈಕಲ್ ತುಳಿಯಲು ಹೊರಟ ಹಿರಿಯರು ಸೋಲುವುದು ಹೆಚ್ಚಾಗಿ ಎರಡೇ ಕಡೆ. ಒಂದು, ಎರಡನೆಯ ದಿನ ಮಧ್ಯಾಹ್ನ ಚನ್ನರಾಯಪಟ್ಟಣದ ಆಸುಪಾಸಿನಲ್ಲಿ. ಕೂರುವ ಜಾಗ, ಮೊಣಕಾಲು, ಅಂಗೈ ಮೂರೂ ಒಟ್ಟಿಗೆ ಕೈಕೊಟ್ಟು ಸೈಕಲ್ಲು ಟೆಂಪೊ ಹತ್ತುತ್ತದೆ. ಇನ್ನೊಂದು, ಘಾಟಿ ಇಳಿಯುವಾಗ. ದಮ್ಮು ಸಾಲದೆ ನಿಂತವರು ಕಡಿಮೆ.

ತಪ್ಪುವುದು ಕೆಲಸದ ಕ್ರಮದಲ್ಲಿ. ಮೊದಲು ದಿನ ಗೊತ್ತುಮಾಡುತ್ತಾರೆ, ಆಮೇಲೆ ಸೈಕಲ್ ಕೊಳ್ಳುತ್ತಾರೆ, ಹೊರಡಲು ಹದಿನೈದು ದಿನವಿದ್ದಾಗ ಡಾಕ್ಟರ ಹತ್ತಿರ ಹೋಗುತ್ತಾರೆ. ಇದನ್ನು ತಲೆಕೆಳಗು ಮಾಡಿಕೊಳ್ಳಿ: ಮೊದಲು ಮೈ, ಆಮೇಲೆ ಸೈಕಲ್, ಆಮೇಲೆ ಅಭ್ಯಾಸ, ಎಲ್ಲಕ್ಕಿಂತ ಕೊನೆಗೆ ತಾರೀಖು. ಒಟ್ಟು ಐದು ತಿಂಗಳು ಬೇಕು. ನವೆಂಬರ್ ಕೊನೆಗೆ ಹೊರಡುವವರು ಜೂನ್ ಕೊನೆಗೆ ಶುರುಮಾಡಬೇಕು.

ಹಂತ 1: ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳುವುದು

"ಸೈಕಲ್ ಹೊಡೀಬಹುದಾ ಡಾಕ್ಟ್ರೇ?" ಎಂದು ಕೇಳಿದರೆ "ಹೊಡೀರಿ, ಒಳ್ಳೇದು" ಎಂಬ ಉತ್ತರವೇ ಬರುತ್ತದೆ. ಅವರ ಮನಸ್ಸಿನಲ್ಲಿರುವುದು ಬಡಾವಣೆಯ ಎರಡು ಸುತ್ತು. ಹೀಗೆ ಕೇಳಿ: "ದಿನಕ್ಕೆ ನಾಲ್ಕೈದು ಗಂಟೆಯಂತೆ ಸತತ ಆರು ದಿನ, ಬಿಸಿಲಿನಲ್ಲಿ, ಸಾಮಾನು ಹೊತ್ತ ಸೈಕಲ್ ತುಳಿಯುತ್ತೇನೆ. ನನ್ನ ಎದೆಗೂ ನಾನು ತೆಗೆದುಕೊಳ್ಳುವ ಮಾತ್ರೆಗಳಿಗೂ ಇದು ಹೊಂದುತ್ತದೆಯೇ?"

ಬಿಪಿ, ಇಸಿಜಿ, ಮೂರು ತಿಂಗಳ ಸಕ್ಕರೆಯ ಸರಾಸರಿ, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಹಿಮೋಗ್ಲೋಬಿನ್, ಕಣ್ಣು: ಇಷ್ಟನ್ನು ನೋಡಿಸಿಕೊಂಡೇ ಹೋಗಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಿ.

ಮಾತ್ರೆಗಳ ಪಟ್ಟಿ ಹಿಡಿದು ಒಂದೊಂದನ್ನೂ ಕೇಳಬೇಕು. ಹೆಚ್ಚು ಜನ ಎಡವುವುದು ಇಲ್ಲಿಯೇ.

ಹೆಸರು "ಓಲಾಲ್" ಎಂದು ಮುಗಿಯುವ ಬಿಪಿ ಮಾತ್ರೆಗಳು (ಮೆಟೊಪ್ರೊಲಾಲ್, ಅಟೆನೊಲಾಲ್) ನಾಡಿಬಡಿತವನ್ನು ಏರಗೊಡುವುದಿಲ್ಲ. ಕೈಗಡಿಯಾರದಲ್ಲಿ 100 ಎಂದು ತೋರಿಸುತ್ತಿದ್ದರೂ ಮೈ ಮಿತಿ ಮುಟ್ಟಿರಬಹುದು. ಇಂಥವರು ಗಡಿಯಾರ ಬಿಟ್ಟು ಮಾತನ್ನು ನಂಬಬೇಕು. ತುಳಿಯುತ್ತಲೇ ಒಂದು ಸಣ್ಣ ವಚನವನ್ನು ಗದ್ಯದಂತೆ ಹೇಳಿ ಮುಗಿಸಲು ಆಗಬೇಕು. ಪ್ರತಿ ಸಾಲಿನ ನಡುವೆ ಉಸಿರು ಎಳೆಯಬೇಕಾಗಿ ಬಂದರೆ ವೇಗ ಜಾಸ್ತಿಯಾಗಿದೆ.

ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಲ್ಲಿ ನೀರೂ ಉಪ್ಪೂ ಎರಡೂ ಬೇಗ ಇಳಿಯುತ್ತವೆ. ಯಾತ್ರೆಯ ದಿನಗಳಲ್ಲಿ ಪ್ರಮಾಣ ಅಥವಾ ವೇಳೆ ಬದಲಿಸಬೇಕೇ ಎಂದು ಡಾಕ್ಟರು ಹೇಳಲಿ. ನೀವಾಗಿ ನಿಲ್ಲಿಸಬೇಡಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆಯಲ್ಲಿರುವವರಿಗೆ ದೊಡ್ಡ ಅಪಾಯ ಸಕ್ಕರೆ ಇಳಿಯುವುದು. ತುಳಿಯುವ ದಿನ ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡರೆ ಕೆಲಸ ಮಾಡುವ ಸ್ನಾಯು ಅದನ್ನು ಬೇಗ ಎಳೆದುಕೊಳ್ಳುತ್ತದೆ. ಹೊಟ್ಟೆಯ ಭಾಗವೇ ಸರಿ. ಹೊರಡುವ ಮುಂಚೆ ಗ್ಲುಕೋಮೀಟರ್ 100ಕ್ಕಿಂತ ಕಡಿಮೆ ತೋರಿಸಿದರೆ ಏನಾದರೂ ತಿಂದು, ಸ್ವಲ್ಪ ಕಾದು, ಮತ್ತೆ ನೋಡಿಯೇ ಪೆಡಲ್ ಮುಟ್ಟಿ. ದಾರಿಯಲ್ಲಿ ಕೈ ನಡುಗಿ, ತಣ್ಣನೆ ಬೆವರು ಬಂದು, ಇದ್ದಕ್ಕಿದ್ದಂತೆ ಸಿಟ್ಟು ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು 15 ನಿಮಿಷ ಕೂತುಕೊಳ್ಳಿ. ಬಿಸ್ಕತ್ತು ಆಮೇಲೆ.

ರಕ್ತ ತೆಳುವಾಗಿಸುವ ಮಾತ್ರೆಯವರು ಬಿದ್ದು ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಜೊತೆಗಿರುವವರಿಗೂ ಇದು ತಿಳಿದಿರಲಿ.

ಇನ್ನು ನೋವಿನ ಮಾತ್ರೆ. ಸಂಜೆ ಮೊಣಕಾಲು ನೋವು ಎಂದು ಡೈಕ್ಲೋಫೆನಾಕ್ ನುಂಗಿ ಮರುದಿನ ಬಿಸಿಲಿಗಿಳಿಯುವುದು ಈ ಯಾತ್ರೆಗಳ ಮಾಮೂಲಿ ತಪ್ಪು. ಬಿಪಿ ಮಾತ್ರೆ, ನೀರಿಲ್ಲದ ಮೈ, ಮೇಲೆ ಈ ಮಾತ್ರೆ: ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಹೊಡೆತ. ನೋವಾದರೆ ಯಾವುದು ತಿನ್ನಬಹುದು ಎಂದು ಮೊದಲೇ ಬರೆಸಿಕೊಳ್ಳಿ.

ಹಂತ 2: ಹರಕೆಗೆ ಮೊದಲೇ ವಿನಾಯಿತಿ ಇಟ್ಟುಕೊಳ್ಳುವುದು

ದೈಹಿಕ ಕಾರಣಕ್ಕೆ ನಿಲ್ಲಬೇಕಾದವರು ನಿಲ್ಲದಿರುವುದು ಹರಕೆಯ ಹೆದರಿಕೆಯಿಂದ. ಹಾಗಾಗಿ ಸಂಕಲ್ಪ ಮಾಡುವಾಗಲೇ "ಆದಷ್ಟು ದೂರ ಸೈಕಲ್ಲಿನಲ್ಲಿ, ಆಗದಿದ್ದರೆ ಬಸ್ಸಿನಲ್ಲಿ ಬಂದು ದರ್ಶನ ಮಾಡುತ್ತೇನೆ" ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಸೋಮವಾರ, ಏಕಾದಶಿ ಉಪವಾಸ ಮಾಡುವ ರೂಢಿಯಿದ್ದರೆ ಆ ದಿನ ಸೈಕಲ್ಲಿಗೆ ರಜೆ.

ನಿಲ್ಲಿಸುವ ತೀರ್ಮಾನ ಯಾರದು ಎಂಬುದೂ ಈಗಲೇ ಗೊತ್ತಾಗಲಿ. ಅದು ಜೊತೆಗಾರರದು, ನಿಮ್ಮದಲ್ಲ. ಒಬ್ಬರೇ ಹೋಗುವ ಯೋಚನೆಯನ್ನು ಇಲ್ಲಿಗೇ ಬಿಡಿ. ಕನಿಷ್ಠ ಇಬ್ಬರು, ಅದರಲ್ಲಿ ಒಬ್ಬರಿಗಾದರೂ ಐವತ್ತರೊಳಗಿನ ವಯಸ್ಸಿದ್ದರೆ ಅನುಕೂಲ.

ಹಂತ 3: ಸೈಕಲ್ ಆರಿಸುವುದು

ಮನೆಯ ಹಳೇ ಕಪ್ಪು ಸೈಕಲ್ಲು ಗಟ್ಟಿ, ನಿಜ. ಆದರೆ ಅದರ ಒಂದೇ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ಲು ಐದು ಮೀಟರ್‌ನಷ್ಟು ಮುಂದೆ ಹೋಗುತ್ತದೆ. ಬೇಲೂರು, ಮೂಡಿಗೆರೆ ಕಡೆಯ ಏರಿಳಿತದಲ್ಲಿ ಆ ಭಾರವನ್ನು ಹೊರುವುದು ಮೊಣಕಾಲೇ.

ಗೇರ್ ಸೈಕಲ್ ನೋಡುವಾಗ "ಇಪ್ಪತ್ತೊಂದು ಗೇರ್" ಎಂಬ ಸ್ಟಿಕ್ಕರ್ ನೋಡಬೇಡಿ, ಹಲ್ಲು ಎಣಿಸಿ. ಪೆಡಲಿನ ಹತ್ತಿರದ ಅತಿ ಚಿಕ್ಕ ಚಕ್ರದ ಹಲ್ಲಿನ ಸಂಖ್ಯೆ, ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲಿಗಿಂತ ಕಡಿಮೆಯಿರಬೇಕು. ಮುಂದೆ 28, ಹಿಂದೆ 34 ಇದ್ದರೆ ಒಂದು ಸುತ್ತಿಗೆ ಒಂದೂಮುಕ್ಕಾಲು ಮೀಟರ್ ಮಾತ್ರ ಸಾಗುತ್ತದೆ. ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲೂ ಕಾಲು ಆರಾಮವಾಗಿ ತಿರುಗುತ್ತಿರುತ್ತದೆ. ಸೈಕಲ್ಲಿನಲ್ಲಿ ಹಿರಿಯರಿಗೆ ಬೇಕಾದ್ದು ಇದೇ.

ಟೈರು 35ರಿಂದ 42 ಮಿಲಿಮೀಟರ್ ಅಗಲ ಇರಲಿ. ಸಪೂರ ಟೈರು ವೇಗ ಕೊಟ್ಟರೂ ಅಂಗೈಗೆ ನಡುಕವನ್ನೆಲ್ಲ ದಾಟಿಸುತ್ತದೆ. ಮುಂದೆ ಸ್ಪ್ರಿಂಗ್ ಫೋರ್ಕ್ ಇರುವ ಅಗ್ಗದ ಸೈಕಲ್ ಬೇಡ, ಭಾರವೊಂದೇ ಲಾಭ. ವಾಲ್ವು ಮೋಟರ್‌ಬೈಕಿನಂಥದೇ ಇದ್ದರೆ ಯಾವ ಊರಿನ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಸಪೂರ ವಾಲ್ವಿನ ಟ್ಯೂಬಾದರೆ ಹಿತ್ತಾಳೆಯ ಅಡಾಪ್ಟರ್ ಎರಡು ಜೇಬಿನಲ್ಲಿರಲಿ.

ಕಾಲು ಮೇಲೆತ್ತಿ ದಾಟಿಸಲು ಕಷ್ಟವಾಗುವವರು ಅಡ್ಡ ಬಾರಿಲ್ಲದ, ಅಂಗಡಿಯವರು ಲೇಡೀಸ್ ಎಂದು ಕರೆಯುವ ಫ್ರೇಮನ್ನೇ ಕೊಳ್ಳಿ. ಈ ವಯಸ್ಸಿನಲ್ಲಿ ಬೀಳುವುದು ಓಡಿಸುವಾಗ ಅಲ್ಲ, ಹಿಂದೆ ಚೀಲ ಕಟ್ಟಿದ ಸೈಕಲ್ಲನ್ನು ಹತ್ತುವಾಗ, ಇಳಿಯುವಾಗ. ಗಂಡಸರು ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಹಂತ 4: ಸೀಟು ಕೂರಿಸುವುದು

ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟು ಇಳಿಸಿಕೊಳ್ಳುವುದು ಹಿರಿಯರ ಅಭ್ಯಾಸ. ಅದು ಧೈರ್ಯಕ್ಕೆ ಒಳ್ಳೆಯದು, ಮೊಣಕಾಲಿಗೆ ವೈರಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು ಪೆಡಲನ್ನು ಪೂರ್ತಿ ಕೆಳಕ್ಕೆ ತನ್ನಿ. ಹಿಮ್ಮಡಿ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದರೆ ಮೊಣಕಾಲು ತಾನಾಗಿ ಸ್ವಲ್ಪ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಒಮ್ಮೆಗೇ ಏರಿಸದೆ ವಾರಕ್ಕೆ ಅರ್ಧ ಸೆಂಟಿಮೀಟರಿನಂತೆ ಏರಿಸಿ. ಸರಿಹೊಂದಿದ ಮೇಲೆ ಸೀಟಿನ ಕಂಬಕ್ಕೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿಡಿ. ಬಸ್ಸಿಗೆ ಹಾಕಲು ಬಿಚ್ಚಿದರೂ ಗುರುತು ಉಳಿಯುತ್ತದೆ.

ನೋವೇ ದಾರಿ ತೋರಿಸುತ್ತದೆ. ಮೊಣಚಿಪ್ಪಿನ ಮುಂದೆ ನೋವಾದರೆ ಸೀಟು ತಗ್ಗಾಗಿದೆ. ಮೊಣಕಾಲಿನ ಹಿಂದೆ ಎಳೆದಂತಾದರೆ ಎತ್ತರವಾಗಿದೆ. ಅಂಗೈ ಜೋಮು ಹಿಡಿದರೆ ಹ್ಯಾಂಡಲ್ ತೀರಾ ಕೆಳಗಿದೆ, ಇಲ್ಲವೇ ಸೀಟಿನ ಮೂತಿ ಕೆಳಕ್ಕೆ ಬಾಗಿ ಮೈಭಾರವೆಲ್ಲ ಕೈಗೆ ಬೀಳುತ್ತಿದೆ. ತೊಡೆಸಂದಿ ಜೋಮು ಹಿಡಿದರೆ ಮೂತಿ ಮೇಲಕ್ಕಿದೆ. ಪ್ರಾಸ್ಟೇಟ್ ತೊಂದರೆಯಿರುವ ಗಂಡಸರು ನಡುವೆ ಕಂಡಿಯಿರುವ ಸೀಟನ್ನೇ ಹಾಕಿಸಬೇಕು.

ಮೆತ್ತನೆಯ ಜೆಲ್ ಕವರ್ ಹಾಕಿದರೆ ಸುಖ ಎಂಬುದು ಮೊದಲ ಅರ್ಧ ಗಂಟೆಯ ಭ್ರಮೆ. ಮೂಳೆ ಅದರೊಳಗೆ ಹೂತುಕೊಂಡು ನಡುವಿನ ಮೆದು ಭಾಗ ಒತ್ತುತ್ತದೆ. ಅಗಲವಾದ, ಸ್ವಲ್ಪ ಗಟ್ಟಿಯಾದ ಸೀಟು, ಪ್ಯಾಡ್ ಇರುವ ಸೈಕಲ್ ಚಡ್ಡಿ ಸಾಕು. ಆ ಚಡ್ಡಿಯ ಒಳಗೆ ಮತ್ತೊಂದು ಒಳಚಡ್ಡಿ ಹಾಕಬಾರದು. ಅದರ ಹೊಲಿಗೆಯೇ ಚರ್ಮ ಕೀಳುತ್ತದೆ. ಉಜ್ಜುವ ಕಡೆ ವ್ಯಾಸಲೀನ್ ಹಚ್ಚಿ, ಕಾಲು ಗಂಟೆಗೊಮ್ಮೆ ಇಪ್ಪತ್ತು ಸೆಕೆಂಡು ಪೆಡಲ್ ಮೇಲೆ ಎದ್ದು ನಿಲ್ಲಿ.

ಹಂತ 5: ಹದಿನಾರು ವಾರದ ಅಭ್ಯಾಸ

1ರಿಂದ 4ನೇ ವಾರ: ವಾರಕ್ಕೆ ಮೂರು ದಿನ, 8 ಕಿಲೋಮೀಟರಿನಿಂದ 15ರವರೆಗೆ.

5ರಿಂದ 8ನೇ ವಾರ: ಎರಡು ದಿನ 15, ಭಾನುವಾರ 25ರಿಂದ 40.

9ರಿಂದ 12ನೇ ವಾರ: ಶನಿವಾರ 30, ಭಾನುವಾರವೂ 30.

13 ಮತ್ತು 14ನೇ ವಾರ: ಯಾತ್ರೆಯ ಸಾಮಾನನ್ನೆಲ್ಲ ಕಟ್ಟಿಕೊಂಡು ಸತತ ಮೂರು ದಿನ 50, 40, 30.

15 ಮತ್ತು 16ನೇ ವಾರ: ಅರ್ಧಕ್ಕಿಳಿಸಿ ವಿಶ್ರಾಂತಿ.

ಇದರಲ್ಲಿ ನಿಜವಾದ ಪರೀಕ್ಷೆ 40 ಕಿಲೋಮೀಟರಿನ ಭಾನುವಾರವಲ್ಲ, ಸತತ ಮೂರು ದಿನಗಳ ಕೊನೆಯ 30. ಒಂದು ದಿನ 80 ಹೊಡೆದು ನಾಲ್ಕು ದಿನ ಮಲಗಿದವರಿಗೆ ಯಾತ್ರೆ ಆಗದು. ಮೂರನೆಯ ದಿನ ಸಂಜೆ ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕಾಗಿ ಬಂದರೆ ಎರಡು ವಾರ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿ. ಮಳೆಗಾಲದಲ್ಲಿ ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡರಷ್ಟು ತುಳಿದು ಲೆಕ್ಕ ಸರಿಮಾಡುವುದೂ ಬೇಡ.

ಜೊತೆಗೆ ದಿನಾ ಮನೆಯಲ್ಲಿ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಎರಡು ಸರದಿ. ಬಾಗಿಲ ಚೌಕಟ್ಟಿನ ಪಕ್ಕ ಒಂಟಿಕಾಲಲ್ಲಿ 20 ಸೆಕೆಂಡು ನಿಲ್ಲುವುದು. ಘಾಟಿಯಲ್ಲಿ ಬ್ರೇಕ್ ಹಿಡಿಯಲು ಮೆದು ರಬ್ಬರ್ ಚೆಂಡು ಹಿಸುಕುವುದು.

ಹಂತ 6: ದಾರಿ, ತಂಗುವ ಊರು, ತಿಂಗಳು

ನವೆಂಬರ್ ಕೊನೆಯಿಂದ ಫೆಬ್ರುವರಿ ಮೊದಲ ವಾರದವರೆಗೆ ಸರಿಯಾದ ಕಾಲ. ಮಳೆಗಾಲದಲ್ಲಿ ಘಾಟಿ ರಸ್ತೆಗಳು ಕುಸಿಯುತ್ತವೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಮುಚ್ಚಿಹೋದದ್ದು ನೆನಪಿರಬಹುದು. ಕಾರ್ತಿಕದ ಲಕ್ಷದೀಪೋತ್ಸವದ ದಿನಗಳಲ್ಲಿ ಕ್ಷೇತ್ರದಲ್ಲಿ ರೂಮು ಸಿಗುವುದು ಕಷ್ಟ. ಶಿವರಾತ್ರಿಯ ಮುಂಚೆ ಪಾದಯಾತ್ರಿಗಳಿಂದ ರಸ್ತೆ ತುಂಬಿರುತ್ತದೆ. ಅರವಟ್ಟಿಗೆಗಳು ಸಿಗುತ್ತವೆಂಬುದು ಲಾಭ, ಘಾಟಿಯ ಕೆಳಗಿನ ಸೆಖೆ ನಷ್ಟ.

ಬೆಂಗಳೂರು ನಗರದೊಳಗೆ ಶಕ್ತಿ ಕಳೆಯಬೇಡಿ. ಸೈಕಲ್ಲನ್ನು ಗೂಡ್ಸ್ ಆಟೊದಲ್ಲಿ ನೆಲಮಂಗಲಕ್ಕೆ ಸಾಗಿಸಿ ಅಲ್ಲಿಂದ ಶುರುಮಾಡಿ. ಪೀಣ್ಯದ ಲಾರಿಗಳ ನಡುವೆ ತುಳಿದರೆ ಪುಣ್ಯವೇನೂ ಹೆಚ್ಚಾಗದು.

ಮೊದಲ ದಿನ ಕುಣಿಗಲ್ ಮೇಲೆ ಯಡಿಯೂರು, ಸುಮಾರು 65. ಕುಣಿಗಲ್ಲಿನಲ್ಲಿ ಊಟ ಮಾಡಿ ಮೂರೂವರೆವರೆಗೆ ಮಲಗಿ, ಉಳಿದ 20 ಕಿಲೋಮೀಟರ್ ಸಂಜೆಗೆ ಇಟ್ಟುಕೊಳ್ಳಿ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರ ದೇವಸ್ಥಾನದ ದಾಸೋಹವೂ ತಂಗುವ ವ್ಯವಸ್ಥೆಯೂ ಇದೆ. ಎರಡನೆಯ ದಿನ ಬೆಳ್ಳೂರು ಕ್ರಾಸ್, ಹಿರೀಸಾವೆ ದಾಟಿ ಚನ್ನರಾಯಪಟ್ಟಣ, ಸುಮಾರು 55. ಮೂರನೆಯ ದಿನ ಬೇಕೆಂದೇ ಕಡಿಮೆ: ಹಾಸನ, 40ರೊಳಗೆ. ಎರಡನೆಯ ದಿನದ ಸುಸ್ತನ್ನು ಇಲ್ಲಿ ತೀರಿಸಬೇಕು. ಮಧ್ಯಾಹ್ನವೇ ತಲುಪಿ ಬಟ್ಟೆ ಒಗೆದು ಹಾಕಿ, ಸೈಕಲ್ ಅಂಗಡಿಗೆ ಹೋಗಿ ಬ್ರೇಕ್ ತೋರಿಸಿ. ಇಲ್ಲಿಂದ ಮುಂದೆ ಗೇರ್ ಸೈಕಲ್ ರಿಪೇರಿಗೆ ಒಳ್ಳೆಯ ಅಂಗಡಿ ಸಿಗುವುದು ಅಪರೂಪ.

ಹಾಸನದಲ್ಲಿ ದಾರಿ ಎರಡಾಗುತ್ತದೆ. ಸಕಲೇಶಪುರ, ಶಿರಾಡಿ ಘಾಟಿ ಹೆದ್ದಾರಿಯೇ, ಹತ್ತಿರವೂ ಹೌದು. ಆದರೆ ಮಂಗಳೂರಿನ ಟ್ಯಾಂಕರು, ಕಂಟೇನರು ಲಾರಿಗಳೆಲ್ಲ ಅದೇ ದಾರಿಯಲ್ಲಿ. ಹಿರಿಯರು ಬೇಲೂರು, ಮೂಡಿಗೆರೆ, ಚಾರ್ಮಾಡಿಯ ದಾರಿ ಹಿಡಿಯುವುದೇ ಮೇಲು. ನಾಲ್ಕನೆಯ ದಿನ ಬೇಲೂರು, ಸುಮಾರು 40. ಐದನೆಯ ದಿನ ಮೂಡಿಗೆರೆ ಮೇಲೆ ಕೊಟ್ಟಿಗೆಹಾರ, ಸುಮಾರು 50. ಈ ದಿನದ ಏರುಗಳೇ ಕಾಲಿಗೆ ಭಾರ. ಕೊಟ್ಟಿಗೆಹಾರದಲ್ಲಿ ತಂಗುವ ಜಾಗ ಕಡಿಮೆ, ಮೊದಲೇ ಫೋನ್ ಮಾಡಿ. ಸಿಗದಿದ್ದರೆ ಮೂಡಿಗೆರೆಯಲ್ಲೇ ಉಳಿಯಿರಿ. ಆರನೆಯ ದಿನ ಘಾಟಿ ಇಳಿದು ಉಜಿರೆ, ಧರ್ಮಸ್ಥಳ: 50ರೊಳಗೆ.

ಬೇಲೂರಿನಿಂದಾಚೆ ಬೆಳಕು ಹರಿಯುವ ಮುಂಚೆ ಹೊರಡಕೂಡದು. ಕಾಫಿ ತೋಟಗಳ ನಡುವೆ ಕಾಡಾನೆ ಓಡಾಟವಿದೆ, ಚಳಿಗಾಲದಲ್ಲಿ ಮಂಜೂ ಇರುತ್ತದೆ. ರಾತ್ರಿ ತಂಗಿದ ಕಡೆ "ಆನೆ ಎಲ್ಲಿದೆ?" ಎಂದು ಕೇಳಿ. ಆ ಕಡೆಯವರಿಗೆ ಇದು ದಿನನಿತ್ಯದ ವಿಚಾರ, ಸರಿಯಾಗಿ ಹೇಳುತ್ತಾರೆ.

ಹಂತ 7: ಸಾಮಾನು

ಬೆನ್ನಿಗೆ ಚೀಲ ಬೇಡವೇ ಬೇಡ. ಕ್ಯಾರಿಯರಿನ ಎರಡು ಪಕ್ಕಕ್ಕೆ ಜೋತುಬೀಳುವ ಚೀಲಗಳಲ್ಲಿ ಒಟ್ಟು ಎಂಟು ಕಿಲೋ ಮೀರದಿರಲಿ, ಎರಡೂ ಕಡೆ ತೂಕ ಸಮವಿರಲಿ.

ಸೈಕಲ್ಲಿಗೆ: ಹೊಸ ಟ್ಯೂಬು 2, ಪಂಕ್ಚರ್ ಪ್ಯಾಚು, ಸೊಲ್ಯೂಷನ್, ಪ್ಲಾಸ್ಟಿಕ್ ಟೈರ್ ಲಿವರ್ 3, ಕೈಪಂಪು, 4, 5, 6ರ ಅಲೆನ್ ಕೀ, 15ರ ಸ್ಪ್ಯಾನರ್, ಬ್ರೇಕ್ ಶೂ ಒಂದು ಜೊತೆ, ಬ್ರೇಕ್ ಕೇಬಲ್ 1, ತುಂಡಾದರೆ ಜೋಡಿಸಲು ನಿಮ್ಮ ಚೈನಿಗೆ ಹೊಂದುವ ಜೋಡು ಕೊಂಡಿ (ಕ್ವಿಕ್ ಲಿಂಕ್), ಚೈನ್ ಎಣ್ಣೆ 50 ಮಿಲಿಲೀಟರ್, ಹತ್ತಿ ಬಟ್ಟೆ.

ಮೈಗೆ: ಎಂಟು ದಿನದ ಮಾತ್ರೆ ಎರಡು ಪೊಟ್ಟಣ. ಒಂದು ನಿಮ್ಮ ಹತ್ತಿರ, ಇನ್ನೊಂದು ಜೊತೆಗಾರರ ಹತ್ತಿರ. ಗ್ಲುಕೋಮೀಟರ್, ಓಆರ್‌ಎಸ್, ಓದುವ ಕನ್ನಡಕ (ಪ್ಯಾಚ್ ಹಾಕುವಾಗ ಇದರ ಬೆಲೆ ಗೊತ್ತಾಗುತ್ತದೆ), ಹೆಲ್ಮೆಟ್, ಹಿಂದಿನ ಕೆಂಪು ದೀಪ, ಪ್ರತಿಫಲಿಸುವ ಜಾಕೆಟ್. ದರ್ಶನಕ್ಕೆ ಒಂದು ಪಂಚೆ, ಶಲ್ಯ. ಮೇಲ್ಜೇಬಿನಲ್ಲಿ ಒಂದು ಕಾರ್ಡು: ಹೆಸರು, ವಯಸ್ಸು, ರಕ್ತದ ಗುಂಪು, ಕಾಯಿಲೆ, ಮಾತ್ರೆ, ಮನೆಯ ಫೋನು. ಬೀಗ ಹಾಕಿದ ಫೋನಿನೊಳಗೆ ಇದೆಲ್ಲ ಇದ್ದರೆ ಯಾರಿಗೂ ಉಪಯೋಗವಿಲ್ಲ.

ಹಂತ 8: ದಿನದ ಲೆಕ್ಕ, ನೀರು, ಊಟ

ಆರೂವರೆಗೆ ಹೊರಟು ಹನ್ನೊಂದೂವರೆಗೆ ನಿಲ್ಲಿಸಿ. ಉಳಿದದ್ದು ಮೂರೂವರೆಯ ನಂತರ. ಗಂಟೆಗೊಮ್ಮೆ ಹತ್ತು ನಿಮಿಷ ಇಳಿದು ನಡೆಯಿರಿ. ಜೊತೆಗೆ ಕಾರು ಬರುವುದಾದರೆ ಅದು ಹಿಂದೆ ತೆವಳಿಕೊಂಡು ಬರುವುದು ಬೇಡ, ಅಪಘಾತಕ್ಕೆ ಆಹ್ವಾನ ಅದು. ಹದಿನೈದು ಕಿಲೋಮೀಟರ್ ಮುಂದೆ ಹೋಗಿ ಕಾಯಲಿ.

ವಯಸ್ಸಾದ ಮೇಲೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಕಾಲು ಗಂಟೆಗೆ ಎರಡು ಮೂರು ಗುಟುಕು, ಗಂಟೆಗೆ ಅರ್ಧ ಲೀಟರಿನಷ್ಟು. ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೂ ತಪ್ಪೇ. ರಕ್ತದ ಉಪ್ಪು ಇಳಿದು ತಲೆನೋವು, ಗೊಂದಲ ಶುರುವಾಗುತ್ತದೆ. ಓಆರ್‌ಎಸ್‌ನ ದೊಡ್ಡ ಪೊಟ್ಟಣ (20.5 ಗ್ರಾಂ) ಒಂದು ಪೂರ್ತಿ ಲೀಟರಿಗೆ. ಅರ್ಧ ಲೀಟರಿಗೆ ಸುರಿದರೆ ಅದು ಮದ್ದಾಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಈ ಲೆಕ್ಕ ಬಿಟ್ಟು ಡಾಕ್ಟರ ಲೆಕ್ಕ ಹಿಡಿಯಬೇಕು.

ಚನ್ನರಾಯಪಟ್ಟಣದ ಸುತ್ತ ಎಳನೀರು ಧಾರಾಳ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆಯವರು, ಟೆಲ್ಮಿಸಾರ್ಟನ್, ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ದಿನಕ್ಕೆ ಎಷ್ಟು ಕುಡಿಯಬಹುದೆಂದು ಕೇಳಿಕೊಂಡೇ ಕುಡಿಯಲಿ. ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು, ಕಡಲೆಮಿಠಾಯಿ ದಾರಿಯ ತಿಂಡಿಗೆ ಸಾಕು. ಬೆಳಿಗ್ಗೆ ಇಡ್ಲಿ. ಪೂರಿ, ವಡೆ ಸಂಜೆಗಿರಲಿ.

ಹಂತ 9: ಹೆದ್ದಾರಿಯಲ್ಲಿ

ಎಡದ ಬಿಳಿ ಗೆರೆಯ ಆಚೆಯೇ ನಿಮ್ಮ ಜಾಗ. ಸೇತುವೆಯ ಮೇಲೆ ಆ ಜಾಗ ಸಪೂರವಾಗುತ್ತದೆ, ಹಿಂದೆ ನೋಡಿಕೊಂಡೇ ಏರಿ. ಹೋಟೆಲು ಎದುರಿಗೇ ಕಂಡಿತೆಂದು ಸರ್ವಿಸ್ ರಸ್ತೆಯಲ್ಲಿ ವಿರುದ್ಧ ದಿಕ್ಕಿಗೆ ಹೋಗಬೇಡಿ. ಪಕ್ಕದ ರಸ್ತೆ ಬಂದು ಸೇರುವ ಕಡೆಯೇ ಹೆಚ್ಚು ಅಪಾಯ. ವಾಹನದವರು ಬಲಕ್ಕೆ ನೋಡುತ್ತಾ ಏರುತ್ತಾರೆ, ಮುಂದಿರುವ ನೀವು ಅವರಿಗೆ ಕಾಣುವುದಿಲ್ಲ.

ರಸ್ತೆಯ ಅಂಚಿನಲ್ಲಿ ಸಿಡಿದ ಲಾರಿ ಟೈರಿನ ಚೂರುಗಳು ಬಿದ್ದಿರುತ್ತವೆ. ಅದರೊಳಗಿನ ಕೂದಲಿನಷ್ಟು ಸಪೂರ ತಂತಿ ನಿಮ್ಮ ಟೈರಿಗೆ ಚುಚ್ಚಿಕೊಳ್ಳುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಟ್ಯೂಬ್ ಬದಲಿಸಿ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋಯಿತೆಂದರೆ ಕಾರಣ ಇದೇ. ಟೈರಿನ ಒಳಮೈಗೆ ಹತ್ತಿ ಬಟ್ಟೆಯನ್ನು ಮೆಲ್ಲಗೆ ಒರೆಸಿಕೊಂಡು ಹೋಗಿ. ಬಟ್ಟೆ ಸಿಕ್ಕಿಕೊಂಡ ಕಡೆ ತಂತಿಯಿದೆ. ಉಗುರಿನಿಂದ ಕೀಳಲಾಗದಿದ್ದರೆ ಹೊರಗಿನಿಂದ ಸೂಜಿಮೊನೆಯಿಂದ ತಳ್ಳಿ.

ಪೆಟ್ರೋಲ್ ಬಂಕಿನ ಗಾಳಿಯನ್ನು ಕ್ಷಣ ಕ್ಷಣ ಬಿಟ್ಟು ತುಂಬಿ. ಕಾರಿನ ಟೈರಿಗೆ ಬಿಟ್ಟಂತೆ ಬಿಟ್ಟರೆ ಸೈಕಲ್ ಟ್ಯೂಬು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸಿಡಿಯುತ್ತದೆ. ಈ ಅಗಲದ ಟೈರಿಗೆ 50ರಿಂದ 60 ಪಿಎಸ್‌ಐ ಸಾಕು. ಹಿಂದಿನದು ಸ್ವಲ್ಪ ಹೆಚ್ಚಿರಲಿ, ಟೈರಿನ ಮೇಲೆ ಬರೆದ ಮಿತಿ ಮೀರದಿರಲಿ.

ಹಂತ 10: ಚಾರ್ಮಾಡಿ ಇಳಿಯುವುದು

ಎಲ್ಲರೂ ಹತ್ತುವ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಈ ದಿಕ್ಕಿನಲ್ಲಿ ಘಾಟಿ ಇರುವುದು ಇಳಿಯಲಿಕ್ಕೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಏಳುನೂರು ಮೀಟರಿಗೂ ಹೆಚ್ಚು ಇಳಿಯಬೇಕು, ಅಷ್ಟೂ ಹೊತ್ತು ಬೆರಳು ಬ್ರೇಕಿನ ಮೇಲೆ.

ಹೊಸ ಬ್ರೇಕ್ ಶೂ ಹಾಕಿಸುವುದಿದ್ದರೆ ಊರಲ್ಲೇ, ಕನಿಷ್ಠ ನೂರು ಕಿಲೋಮೀಟರ್ ಮುಂಚೆ ಹಾಕಿಸಿ ಪಳಗಿಸಿ. ಲಿವರು ಬೆರಳಿಗೆ ದೂರವಾದರೆ ಅದರ ಬುಡದ ಸಣ್ಣ ಸ್ಕ್ರೂ ತಿರುಗಿಸಿ ಹತ್ತಿರ ತಂದುಕೊಳ್ಳಬಹುದು. ಎಷ್ಟೋ ಸೈಕಲ್ಲುಗಳಲ್ಲಿ ಆ ಸ್ಕ್ರೂ ಯಾರೂ ಮುಟ್ಟದೆ ಹಾಗೇ ಉಳಿದಿರುತ್ತದೆ.

ಕೊಟ್ಟಿಗೆಹಾರದಲ್ಲಿ ಮಂಜು ಕರಗಿದ ಮೇಲೆ, ಎಂಟು ಗಂಟೆಯ ಹೊತ್ತಿಗೆ ಹೊರಡಿ. ನೀರುದೋಸೆ ತಿಂದುಕೊಳ್ಳಲು ಅಷ್ಟು ಸಮಯ ಸಿಕ್ಕಂತೆಯೂ ಆಯಿತು. ಗಾಳಿಗೆ ಮೈ ತಣ್ಣಗಾಗಿ ಬೆರಳು ಮರಗಟ್ಟುತ್ತದೆ, ಜಾಕೆಟ್, ಗ್ಲೌಸ್ ಹಾಕಿ. ಎರಡು ಲೀಟರ್ ನೀರು ತುಂಬಿಕೊಳ್ಳಿ.

ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ. ರಿಮ್ ಬ್ರೇಕಾದರೆ ರಿಮ್ಮು ಕಾದು ಒಳಗಿನ ಟ್ಯೂಬು ಸಿಡಿಯಬಹುದು, ಡಿಸ್ಕಾದರೆ ಪ್ಯಾಡು ಕಾದು ಹಿಡಿತ ಬಿಡುತ್ತದೆ. ಮೂರು ಸೆಕೆಂಡು ಒತ್ತಿ, ಮೂರು ಸೆಕೆಂಡು ಬಿಡಿ. ಎರಡೂ ಬ್ರೇಕು ಬಳಸಿ, ಮೈಯನ್ನು ಹಿಂದಕ್ಕೆ ಸರಿಸಿ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ತಿರುವಿನೊಳಗೆ ಮುಂದಿನ ಬ್ರೇಕು ಹಿಂಡಿದರೆ ಚಕ್ರ ಜಾರುತ್ತದೆ. ಗಂಟೆಗೆ 20 ಮೀರಬೇಡಿ. ಎದುರಿಗೆ ಬಸ್ಸು ಬಂದರೆ ತಿರುವಿನ ಮುಂಚೆಯೇ ಎಡಕ್ಕೆ ನಿಂತುಬಿಡಿ. ಹೇರ್‌ಪಿನ್ನಿನಲ್ಲಿ ಅದಕ್ಕೆ ಇಡೀ ರಸ್ತೆ ಬೇಕು.

ಮೂರು ಕಿಲೋಮೀಟರಿಗೊಮ್ಮೆ ನಿಂತು ಕೈ ಕೊಡವಿ. ರಿಮ್ಮಿನ ಹತ್ತಿರ ಅಂಗೈ ಹಿಂಬದಿ ತನ್ನಿ. ಮುಟ್ಟುವ ಮುಂಚೆಯೇ ಶಾಖ ಹೊಡೆದರೆ ಹತ್ತು ನಿಮಿಷ ಆರಲು ಬಿಡಿ, ನೀರು ಚಿಮುಕಿಸಬೇಡಿ. ದಾರಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ ಸಿಗುತ್ತದೆ. ಎಲ್ಲರೂ ನಿಲ್ಲುವ ಜಾಗ, ಕೈಗೂ ಬ್ರೇಕಿಗೂ ವಿಶ್ರಾಂತಿ. ಲಿವರು ಹ್ಯಾಂಡಲ್ಲಿಗೆ ತಾಗುವಷ್ಟು ಒಳಹೋಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಬೆರಳು ನಡುಗಿದರೆ ಇಳಿದು ನಡೆಯಿರಿ, ಇಲ್ಲವೇ ಪಿಕಪ್ ಗಾಡಿಗೆ ಕೈ ತೋರಿಸಿ.

ಹಂತ 11: ಅಲ್ಲೇ ನಿಲ್ಲಬೇಕಾದ ಲಕ್ಷಣಗಳು

ಎದೆ ಬಿಗಿತ, ದವಡೆ ಅಥವಾ ಎಡತೋಳಿಗೆ ಹರಿಯುವ ನೋವು, ತಣ್ಣನೆ ಬೆವರು, ನಿಂತ ಐದು ನಿಮಿಷಕ್ಕೂ ಇಳಿಯದ ಏದುಸಿರು, ಕಣ್ಣು ಕತ್ತಲಿಡುವುದು, ಮಾತು ತೊದಲುವುದು. "ಗ್ಯಾಸ್ಟ್ರಿಕ್ ಇರಬೇಕು, ಒಂದು ಸೋಡಾ ಕುಡಿದರೆ ಹೋಗುತ್ತೆ" ಎಂಬ ಮಾತು ನಿಮ್ಮ ಬಾಯಿಂದ ಬಂದರೂ ಜೊತೆಗಾರರು ಅದನ್ನು ಕೇಳಿಸಿಕೊಳ್ಳಬಾರದು. 108ಕ್ಕೆ ಫೋನ್ ಮಾಡಬೇಕು. ದಾರಿಯ ದೊಡ್ಡ ಆಸ್ಪತ್ರೆಗಳಿರುವುದು ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರ, ಹಾಸನ, ಉಜಿರೆಯಲ್ಲಿ.

ಮಧ್ಯಾಹ್ನದವರೆಗೂ ಮೂತ್ರ ಬರದಿದ್ದರೆ, ಬಂದರೂ ಗಾಢ ಹಳದಿಯಿದ್ದರೆ ಆ ದಿನದ ಸವಾರಿ ಮುಗಿಯಿತು. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ತಿಕ್ಕಬೇಡಿ, ತೋರಿಸಿ. ಎರಡು ರಾತ್ರಿ ಸತತ ನಿದ್ದೆ ಬಾರದಿದ್ದರೆ ಮರುದಿನ ರಜೆ ಹಾಕಿ.

ಹಂತ 12: ತಲುಪಿದ ಮೇಲೆ, ವಾಪಸು

ಸೈಕಲ್ ಇಳಿದ ತಕ್ಷಣ ದರ್ಶನದ ಸಾಲಿಗೆ ಹೋಗಬೇಡಿ. ತುಳಿದ ಕಾಲಿನಲ್ಲಿ ರಕ್ತ ನಿಂತು, ಸಾಲಿನಲ್ಲಿ ಅಲ್ಲಾಡದೆ ನಿಂತಾಗ ತಲೆ ಸುತ್ತುತ್ತದೆ. ರೂಮಿಗೆ ಹೋಗಿ ಅರ್ಧ ಗಂಟೆ ಕಾಲು ಮೇಲಿಟ್ಟು ಮಲಗಿ. ಗಂಗಾ, ಕಾವೇರಿ, ನರ್ಮದಾ ಮೊದಲಾದ ವಸತಿಗೃಹಗಳಿವೆ, ನೆಲಮಹಡಿಯ ಕೋಣೆಯನ್ನೇ ಕೇಳಿ. ನೇತ್ರಾವತಿಯಲ್ಲಿ ಸ್ನಾನ ಮಾಡುವವರು ಮೆಟ್ಟಿಲಿನಿಂದ ಆಚೆ ಹೋಗುವುದು ಬೇಡ. ಆರು ದಿನ ತುಳಿದ ಕಾಲು ತಣ್ಣೀರಿಗೆ ಇಳಿದೊಡನೆ ಸೆಳೆತ ಹಿಡಿಯುತ್ತದೆ. ಅನ್ನಪೂರ್ಣ ಛತ್ರದಲ್ಲಿ ಊಟ ಮಾಡಿ, ದರ್ಶನವನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಂಡರೆ ಹಿತ. ಗಂಡಸರು ಅಂಗಿ, ಬನಿಯನ್ ತೆಗೆದು ಒಳಹೋಗಬೇಕು, ಚಳಿ ತಡೆಯದವರಿಗೆ ಶಲ್ಯ ಅದಕ್ಕೇ. ಸೋಮವಾರ, ಸಾಲುರಜೆಗಳಲ್ಲಿ ಜನ ಹೆಚ್ಚು.

ವಾಪಸು ಸೈಕಲ್ಲಿನಲ್ಲಿ ಬರುವ ಲೆಕ್ಕ ಹಾಕಬೇಡಿ. ಆಗ ಅದೇ ಘಾಟಿ ಹತ್ತಬೇಕಾಗುತ್ತದೆ. ಧರ್ಮಸ್ಥಳದಿಂದ ಬೆಂಗಳೂರಿಗೆ ಸರ್ಕಾರಿ ಬಸ್ಸುಗಳು ಬೇಕಾದಷ್ಟಿವೆ. ಸೈಕಲ್ಲಿಗೆ ಲಗೇಜು ಟಿಕೆಟ್ಟು ತೆಗೆಯಬೇಕು, ಜಾಗವಿದೆಯೇ ಎಂದು ಹಿಂದಿನ ಸಂಜೆಯೇ ನಿಲ್ದಾಣದಲ್ಲಿ ವಿಚಾರಿಸಿ. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ಅಡ್ಡ ತಿರುಗಿಸಿ, ಪೆಡಲ್ ತೆಗೆದು ಹಳೆ ಬೆಡ್‌ಶೀಟಿನಲ್ಲಿ ಸುತ್ತಿದರೆ ಕಂಡಕ್ಟರೂ ಹೆಚ್ಚು ಗೊಣಗುವುದಿಲ್ಲ. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ ಎಂಬುದು ನೆನಪಿರಲಿ: ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಅದು ಬಿಚ್ಚುತ್ತದೆ. ಡಿಸ್ಕ್ ಬ್ರೇಕಾದರೆ ಚಕ್ರ ತೆಗೆದ ಮೇಲೆ ಪ್ಯಾಡುಗಳ ನಡುವೆ ಮಡಚಿದ ರಟ್ಟಿನ ಚೂರು ಸಿಕ್ಕಿಸಿ. ದಾರಿಯಲ್ಲಿ ಯಾರಾದರೂ ಲಿವರು ಒತ್ತಿದರೂ ಪ್ಯಾಡು ಕಚ್ಚಿಕೊಳ್ಳುವುದಿಲ್ಲ.